9,000 ಲ್ಯೂಮೆನ್ ಎಲ್ಲಿ ಹೋಯ್ತು?

ಆನ್‌ಲೈನ್ ಅಂಗಡಿಯಲ್ಲಿ ಪ್ರೊಜೆಕ್ಟರ್ ಅಂತ ಹುಡುಕಿದರೆ ಆರೇಳು ಸಾವಿರ ರೂಪಾಯಿಯ ಪುಟ್ಟ ಡಬ್ಬಗಳು ಸಾಲುಸಾಲಾಗಿ ಬರುತ್ತವೆ. 9,000 ಲ್ಯೂಮೆನ್, 4ಕೆ ಸಪೋರ್ಟ್, 200 ಇಂಚಿನ ಪರದೆ. ಪಕ್ಕದ ಚಿತ್ರದಲ್ಲಿ ಹಗಲು ಹೊತ್ತು, ಕಿಟಕಿ ತೆರೆದೇ ಇದೆ, ಆದರೂ ಗೋಡೆ ತುಂಬ ಥಳಥಳ ಹೊಳೆಯುವ ಸಿನಿಮಾ. ಮನೆಗೆ ತಂದು ಹಾಲ್‌ನಲ್ಲಿ ಆನ್ ಮಾಡಿದರೆ ಕಾಣೋದು ಮಾಸಲು ಮಾಸಲು ಚಿತ್ರ. ಹೀರೋ ಯಾರು, ವಿಲನ್ ಯಾರು ಅಂತ ದನಿ ಕೇಳಿಯೇ ಗುರುತಿಸಬೇಕು. ಅಲ್ಲಿಗೆ ಒಂದು ಸ್ಟಾರ್‌ನ ರಿವ್ಯೂ ಬೀಳುತ್ತದೆ.

ಹಾಗಂತ ಆ ಡಬ್ಬ ಪೂರ್ತಿ ದಂಡ ಅಲ್ಲ. ಅದರಿಂದ ಎಷ್ಟು ಬೆಳಕು ಹೊರಗೆ ಬರುತ್ತದೆ, ಆ ಬೆಳಕನ್ನು ನಾವು ಎಷ್ಟು ಜಾಗಕ್ಕೆ ಹರಡುತ್ತೇವೆ ಅನ್ನೋ ಲೆಕ್ಕ ಗೊತ್ತಿದ್ದರೆ ಅದೇ ಆರೇಳು ಸಾವಿರಕ್ಕೆ ಒಳ್ಳೆಯ ಮಜಾ ಸಿಗುತ್ತದೆ. ಲೆಕ್ಕ ಕಷ್ಟದ್ದೇನಲ್ಲ, ಬರೀ ಗುಣಾಕಾರ ಭಾಗಾಕಾರ.

ಲ್ಯೂಮೆನ್ ಅಂದರೆ ಒಂದು ದೀಪದಿಂದ ಹೊರಬರುವ ಒಟ್ಟು ಬೆಳಕಿನ ಅಳತೆ. ಮನೆಯ 20 ವ್ಯಾಟ್ ಎಲ್‌ಇಡಿ ಟ್ಯೂಬ್‌ಲೈಟ್ ಸುಮಾರು 2,000 ಲ್ಯೂಮೆನ್ ಕೊಡುತ್ತದೆ. ಹಾಗಾದರೆ 9,000 ಅಂದರೆ ನಾಲ್ಕೂವರೆ ಟ್ಯೂಬ್‌ಲೈಟು! ಈಗ ಅಡಾಪ್ಟರ್ ಮೇಲೋ ಡಬ್ಬದ ತಳದಲ್ಲೋ ಎಷ್ಟು ವ್ಯಾಟ್ ಅಂತ ಬರೆದಿದೆ ನೋಡಿ. 50, 60 ಇರುತ್ತದೆ ಅಷ್ಟೇ. ಎಲ್‌ಇಡಿ ದೀಪದಲ್ಲಿ ವ್ಯಾಟಿಗೆ 100 ಲ್ಯೂಮೆನ್ ಅಂದುಕೊಂಡರೂ, ಫ್ಯಾನು, ಸ್ಪೀಕರ್, ಒಳಗಿನ ಆಂಡ್ರಾಯ್ಡ್ ಎಲ್ಲವನ್ನೂ ಮರೆತು ಇಡೀ ಕರೆಂಟು ದೀಪಕ್ಕೇ ಹೋಗುತ್ತದೆ ಅಂದುಕೊಂಡರೂ, 6,000 ದಾಟಲ್ಲ. ಪೆಟ್ಟಿಗೆ ತೆರೆಯೋ ಮೊದಲೇ ಸುಳ್ಳು ಸಿಕ್ಕಿಬಿತ್ತು ಅಲ್ವಾ?

ಇನ್ನು ಆ ಬೆಳಕೂ ಪೂರ್ತಿ ಹೊರಗೆ ಬರಲ್ಲ. ಪಕ್ಕದ ಮನೆಯವರದ್ದು ಒಂದು ಇಂಥ ಪ್ರೊಜೆಕ್ಟರ್ ಕೆಟ್ಟು ಮೂಲೆ ಸೇರಿತ್ತು, ಅದನ್ನು ಇಸ್ಕೊಂಡು ಸ್ಕ್ರೂ ಬಿಚ್ಚಿ ನೋಡಿದೆ. ಹಿಂದುಗಡೆ ಉಗುರಿನಗಲದ ಹಳದಿ ಎಲ್‌ಇಡಿ ಬಿಲ್ಲೆ, ಅದರ ಬೆನ್ನಿಗೆ ಅಲ್ಯೂಮಿನಿಯಂ ಗಟ್ಟಿ, ಅದಕ್ಕೊಂದು ಫ್ಯಾನು. ಮುಂದೆ ದಪ್ಪ ಗಾಜಿನ ಮಸೂರ. ಆಮೇಲೆ ಉಂಗುರ ಉಂಗುರವಾಗಿ ಗೀರು ಇರುವ ಪ್ಲಾಸ್ಟಿಕ್ ಹಾಳೆ, ಇದಕ್ಕೆ ಫ್ರೆನೆಲ್ ಲೆನ್ಸ್ ಅಂತಾರೆ, ದಪ್ಪ ಮಸೂರದ ಕೆಲಸವನ್ನು ತೆಳ್ಳಗಿನ ಹಾಳೆಯಲ್ಲೇ ಮಾಡುತ್ತದೆ. ಅದಾದ ಮೇಲೆ ಚಿತ್ರ ಮೂಡಿಸುವ, ಮೊಬೈಲ್ ಪರದೆಯಷ್ಟು ದೊಡ್ಡ ಎಲ್‌ಸಿಡಿ ಹಾಳೆ, ಮತ್ತೊಂದು ಫ್ರೆನೆಲ್, ಓರೆಯಾಗಿ ನಿಲ್ಲಿಸಿದ ಕನ್ನಡಿ, ಕೊನೆಗೆ ಮುಂದಿನ ಲೆನ್ಸು. ಇಷ್ಟೇ. ನಿಜ ಹೇಳಬೇಕೆಂದರೆ ಅದರ ಸರಳತನ ನೋಡಿ ನನಗೆ ಗೌರವವೇ ಬಂತು.

ಬೆಳಕು ಸೋರಿಹೋಗೋದು ಆ ಎಲ್‌ಸಿಡಿ ಹತ್ತಿರ. ಎಲ್‌ಸಿಡಿ ಕೆಲಸ ಮಾಡಬೇಕಾದರೆ ಬೆಳಕಿನ ಅಲೆಗಳೆಲ್ಲ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರಬೇಕು. ಅದಕ್ಕಾಗಿ ಮುಂದೊಂದು ಪೋಲರೈಸರ್ ಹಾಳೆ ಇರುತ್ತದೆ, ಅದು ಅರ್ಧಕ್ಕಿಂತ ಹೆಚ್ಚು ಬೆಳಕನ್ನು ತಾನೇ ನುಂಗಿಬಿಡುತ್ತದೆ. ಆಮೇಲೆ ಪ್ರತಿ ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಫಿಲ್ಟರ್. ಕೆಂಪು ಫಿಲ್ಟರ್ ಹಸಿರು ನೀಲಿಯನ್ನು ತಡೆಯುತ್ತದೆ, ಉಳಿದವೂ ಹಾಗೇ, ಅಲ್ಲಿಗೆ ಮೂರರಲ್ಲಿ ಎರಡು ಪಾಲು ಹೋಯ್ತು. ಚುಕ್ಕಿಗಳ ನಡುವಿನ ಸಣ್ಣ ವೈರುಗಳು ಇನ್ನೊಂದಿಷ್ಟು ಅಡ್ಡ ನಿಲ್ಲುತ್ತವೆ. ಕೊನೆಗೆ ಉಳಿಯೋದು ನೂರಕ್ಕೆ ಐದಾರು ಮಾತ್ರ. 40 ವ್ಯಾಟ್ ಎಲ್‌ಇಡಿಯ 4,000 ಲ್ಯೂಮೆನ್‌ನಲ್ಲಿ ನೂರಕ್ಕೆ ಐದು ಅಂದರೆ 200. ಅಗ್ಗದ ಪ್ರೊಜೆಕ್ಟರಿನ ನಿಜವಾದ ಬೆಳಕು ಹೆಚ್ಚುಕಡಿಮೆ ಇಷ್ಟೇ, ಕೆಲವು 100 ಕೂಡ ಮುಟ್ಟಲ್ಲ. ಮಿಕ್ಕ ಬೆಳಕೆಲ್ಲ ಒಳಗೇ ಶಾಖವಾಗುತ್ತದೆ. ನಾನು ಬಿಚ್ಚಿದ್ದು ಯಾಕೆ ಕೆಟ್ಟಿತ್ತು ಅನ್ನೋದೂ ಅಲ್ಲೇ ಕಾಣುತ್ತಿತ್ತು: ಪೋಲರೈಸರ್ ಹಾಳೆಯ ನಟ್ಟನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕಂದು ಬಣ್ಣಕ್ಕೆ ತಿರುಗಿ ಸುರುಟಿಕೊಂಡಿತ್ತು, ಫ್ಯಾನಿನ ಜಾಲರಿಗೆ ಹತ್ತಿಯಂಥ ಧೂಳು ಮೆತ್ತಿತ್ತು.

ಈಗ 200 ಲ್ಯೂಮೆನ್ ಕೈಯಲ್ಲಿದೆ ಅಂತಿಟ್ಟುಕೊಳ್ಳಿ. ಇದು ಒಂದು ಚಮಚ ತುಪ್ಪ ಇದ್ದ ಹಾಗೆ, ಸೆಟ್ ದೋಸೆಗೆ ಸವರಿದರೆ ಘಮಘಮ, ಒಂದು ಗಜದ ದೋಸೆಗೆ ಸವರಿದರೆ ಇದೆಯೋ ಇಲ್ಲವೋ ಗೊತ್ತಾಗಲ್ಲ. ಒಂದು ಚದರ ಮೀಟರ್ ಮೇಲೆ ಎಷ್ಟು ಲ್ಯೂಮೆನ್ ಬಿತ್ತು ಅನ್ನೋದಕ್ಕೆ ಲಕ್ಸ್ ಅನ್ನುತ್ತಾರೆ. 60 ಇಂಚಿನ ಚಿತ್ರ (ಈ ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯೋದು) ಅಂದರೆ 133 ಸೆಂ.ಮೀ. ಅಗಲ, 75 ಸೆಂ.ಮೀ. ಎತ್ತರ, ಸರಿಸುಮಾರು ಒಂದು ಚದರ ಮೀಟರ್. ಅಲ್ಲಿ 200 ಲಕ್ಸ್ ಸಿಗುತ್ತದೆ. 100 ಇಂಚಿಗೆ ಹಿಗ್ಗಿಸಿದರೆ ವಿಸ್ತೀರ್ಣ ಸುಮಾರು 2.75 ಚದರ ಮೀಟರ್, ಲಕ್ಸ್ 72ಕ್ಕೆ ಇಳಿಯುತ್ತದೆ. ಜಾಹೀರಾತಿನ 200 ಇಂಚಿಗೆ ಹೋದರೆ 18.

72 ಕಮ್ಮಿಯೇನಲ್ಲ, ಕತ್ತಲಿದ್ದರೆ. ಬಿಳಿ ಗೋಡೆಯಿಂದ ಅದು ತಿರುಗಿ ಬಂದಾಗ ಸುಮಾರು 23 ನಿಟ್ಸ್ ಹೊಳಪು (ಪರದೆ ಕಣ್ಣಿಗೆ ಎಷ್ಟು ಹೊಳೆಯುತ್ತದೆ ಅನ್ನೋದರ ಅಳತೆ ನಿಟ್ಸ್). ಚಿತ್ರಮಂದಿರದ ಡಿಜಿಟಲ್ ಪರದೆಗೆ ನಿಗದಿ ಮಾಡಿರೋ ಹೊಳಪೇ 48 ನಿಟ್ಸ್. ಮನೆಯ ಸಾಮಾನ್ಯ ಟಿವಿ 250, 300 ಇರುತ್ತದೆ, ಆದರೂ ಥಿಯೇಟರಿನಲ್ಲಿ ಕೂತಾಗ ಚಿತ್ರ ಮಂಕಾಗಿದೆ ಅಂತ ಯಾರೂ ಗೊಣಗಲ್ಲ. ಕತ್ತಲಿಗೆ ಕಣ್ಣು ಹೊಂದಿಕೊಂಡುಬಿಡುತ್ತದೆ.

ತೊಂದರೆ ಬರೋದು ಕಪ್ಪಿನಿಂದ. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಚೆಲ್ಲೋಕೆ ಆಗಲ್ಲ, ಯಾವ ಪ್ರೊಜೆಕ್ಟರಿಗೂ, ಎಷ್ಟು ಲಕ್ಷ ಕೊಟ್ಟಿದ್ದಕ್ಕೂ. ಚಿತ್ರದಲ್ಲಿ ಕಪ್ಪು ಇರುವ ಕಡೆ ಅದು ಬೆಳಕನ್ನು ಆದಷ್ಟು ತಡೆಯುತ್ತದೆ ಅಷ್ಟೇ, ನಿಮಗೆ ಕಾಣೋದು ಹೆಚ್ಚುಕಡಿಮೆ ಬರೀ ಗೋಡೆ. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರೀತಾ ಗೋಡೆ ಮೇಲೆ 100 ಲಕ್ಸ್ ಬೀಳುತ್ತಿದ್ದರೆ ನಿಮ್ಮ ಕಪ್ಪು ಅಂದರೆ ಆ 100 ಲಕ್ಸಿನ ಗೋಡೆ. ಬಿಳಿ ಅಂದರೆ 100 ಜೊತೆಗೆ ಪ್ರೊಜೆಕ್ಟರಿನ 72, ಒಟ್ಟು 172. ಕಪ್ಪಿಗಿಂತ ಬಿಳಿ ಎರಡು ಪಟ್ಟು ಕೂಡ ಇಲ್ಲ! ಟ್ಯೂಬ್‌ಲೈಟ್ ಆರಿಸಿ, ಬಾಗಿಲ ಸಂದಿಯಿಂದ ಒಂದು ಲಕ್ಸ್ ಬರುತ್ತಿದೆ ಅಂದುಕೊಂಡರೆ 73ಕ್ಕೆ 1. ಪ್ರೊಜೆಕ್ಟರಿಗೆ ಎರಡು ಪಟ್ಟು ದುಡ್ಡು ಸುರಿದರೂ ಸಿಗದ ಲಾಭ ಒಂದು ಸ್ವಿಚ್ ಒತ್ತಿದರೆ ಸಿಗುತ್ತದೆ. ನಮ್ಮ ಊರುಗಳ ಟೂರಿಂಗ್ ಟಾಕೀಸಿನವರು ಕತ್ತಲಾದ ಮೇಲೇ ಆಟ ಶುರು ಮಾಡುತ್ತಿದ್ದದ್ದು ಯಾಕೆ ಮತ್ತೆ? ಟೆಂಟಿನೊಳಗೆ ಹಗಲಿನ ಬೆಳಕು ನುಗ್ಗಿದರೆ ಅವರ ದೊಡ್ಡ ಆರ್ಕ್ ದೀಪಕ್ಕೂ ಗತಿ ಇದೇ.

ಹಾಗಾಗಿ ನನ್ನನ್ನು ಕೇಳಿದರೆ ಮೊದಲು ದುಡ್ಡು ಹಾಕಬೇಕಾದ್ದು ದಪ್ಪ ಕರ್ಟನ್‌ಗೆ.

ನಿಮ್ಮ ಡಬ್ಬದ ನಿಜವಾದ ಲ್ಯೂಮೆನ್ ಎಷ್ಟು ಅಂತ ಮನೆಯಲ್ಲೇ ಅಳೆಯಬಹುದು. ಅಮೆರಿಕದ ಆನ್ಸಿ ಅನ್ನೋ ಸಂಸ್ಥೆಯ ವಿಧಾನ ತುಂಬಾ ಸುಲಭ: ಪರದೆಯನ್ನು ಒಂಬತ್ತು ಸಮಭಾಗ ಮಾಡಿ, ಪ್ರತಿ ಭಾಗದ ನಡುವೆ ಲಕ್ಸ್ ಅಳೆದು, ಸರಾಸರಿ ತೆಗೆದು, ವಿಸ್ತೀರ್ಣದಿಂದ ಗುಣಿಸೋದು. ಆಂಡ್ರಾಯ್ಡ್ ಫೋನಿನಲ್ಲಿ ಮುಂದಿನ ಕ್ಯಾಮೆರಾ ಹತ್ತಿರ ಬೆಳಕಿನ ಸೆನ್ಸರ್ ಇರುತ್ತದೆ, ಲಕ್ಸ್ ಮೀಟರ್ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ರಾತ್ರಿ ದೀಪ ಆರಿಸಿ, ಗೋಡೆ ಮೇಲೆ ಪೂರ್ತಿ ಬಿಳಿ ಚಿತ್ರ ಬಿಟ್ಟು, ಅದರ ಅಗಲವನ್ನು ಟೇಪು ಹಿಡಿದು 133 ಸೆಂ.ಮೀ.ಗೆ ತನ್ನಿ. ಫೋನಿನ ಬೆನ್ನನ್ನು ಗೋಡೆಗೆ ಒತ್ತಿ, ಮುಖ ಪ್ರೊಜೆಕ್ಟರ್ ಕಡೆ ಇರಲಿ, ಒಂಬತ್ತು ಕಡೆ ಅಳೆಯಿರಿ. ವಿಸ್ತೀರ್ಣ ಒಂದು ಚದರ ಮೀಟರ್ ಇರುವುದರಿಂದ ಸರಾಸರಿ ಲಕ್ಸೇ ನಿಮ್ಮ ಲ್ಯೂಮೆನ್. ಫೋನಿನ ಸೆನ್ಸರ್ ಲ್ಯಾಬಿನ ಉಪಕರಣ ಅಲ್ಲ, ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಆದರೆ 9,000ವೋ 150ಓ ಅಂತ ತೀರ್ಮಾನಿಸೋಕೆ ಧಾರಾಳ ಸಾಕು. ವಾಪಸ್ ಮಾಡುವ ಗಡುವು ಮುಗಿಯೋದ್ರೊಳಗೆ ಮಾಡಿ.

ಕೊಳ್ಳುವಾಗಲೇ ಎಚ್ಚರ ಬೇಕು ಅಂದರೆ, ಆನ್ಸಿ ಅಥವಾ ಐಎಸ್‌ಒ ಲ್ಯೂಮೆನ್ ಅಂತ ಬರೆದಿರೋದನ್ನೇ ನೋಡಿ. ಬರೀ "ಲ್ಯೂಮೆನ್", "ಎಲ್‌ಇಡಿ ಲ್ಯೂಮೆನ್" ಅಂತಿದ್ದರೆ ಆ ಸಾಲನ್ನು ಓದಲೇಬೇಡಿ.

"ಸಪೋರ್ಟ್" ಅನ್ನೋ ಪದದಲ್ಲೂ ಅದೇ ಕಣ್ಕಟ್ಟು. 4ಕೆ ಸಪೋರ್ಟ್ ಅಂದರೆ 4ಕೆ ಫೈಲ್ ಕೊಟ್ಟರೆ ತೆಗೆದುಕೊಳ್ಳುತ್ತದೆ ಅಂತ, 4ಕೆ ತೋರಿಸುತ್ತದೆ ಅಂತಲ್ಲ. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಚುಕ್ಕಿಗಳು. ಒಳಗಿನ ಎಲ್‌ಸಿಡಿ 1280x720 ಆದರೆ ಇರೋದು 9 ಲಕ್ಷ ಚಿಲ್ಲರೆ. ತೀರಾ ಅಗ್ಗದ್ದರಲ್ಲಿ 800x480, ನಾಲ್ಕು ಲಕ್ಷವೂ ಇಲ್ಲ. ಕೇಳಬೇಕಾದ್ದು "ನೇಟಿವ್ ರೆಸಲ್ಯೂಷನ್ ಎಷ್ಟು" ಅಂತ. 1920x1080 ಸಿಕ್ಕರೆ ಒಳ್ಳೆಯದು, 720 ಆದರೂ ಸಿನಿಮಾ, ಕ್ರಿಕೆಟ್‌ಗೆ ನಡೆಯುತ್ತದೆ. 480 ಬೇಡ, ಸಬ್‌ಟೈಟಲ್ ಓದೋಕೆ ಕಣ್ಣು ಕಿರಿದು ಮಾಡಬೇಕು.

ಇಟ್ಟುಕೊಳ್ಳುವ ಜಾಗ ಇನ್ನೊಂದು ಕಥೆ. ಚಿತ್ರದ ಅಗಲಕ್ಕೆ ಇಷ್ಟು ಪಟ್ಟು ದೂರ ಬೇಕು ಅಂತ ಪ್ರತಿ ಮಾಡೆಲ್‌ಗೂ ಒಂದು ಸಂಖ್ಯೆ ಇದೆ, ಥ್ರೋ ರೇಶಿಯೋ ಅಂತಾರೆ. ಅದು 1.25 ಇದ್ದರೆ 60 ಇಂಚಿಗೆ ಐದೂವರೆ ಅಡಿ, 100 ಇಂಚಿಗೆ ಒಂಬತ್ತು ಅಡಿ. ಹತ್ತು ಅಡಿ ರೂಮಿನಲ್ಲಿ ಮಂಚ, ಬೀರು ಎಲ್ಲ ಇಟ್ಟ ಮೇಲೆ ಎಷ್ಟು ಉಳಿಯುತ್ತದೆ ಅಂತ ಟೇಪು ಹಿಡಿದು ನೋಡಿಯೇ ಆರ್ಡರ್ ಮಾಡಿ. ಟೀಪಾಯಿ ಮೇಲಿಟ್ಟು ಮೂತಿ ಮೇಲೆತ್ತಿದರೆ ಚಿತ್ರದ ಮೇಲ್ಭಾಗ ಅಗಲ, ಕೆಳಭಾಗ ಕಿರಿದು ಆಗುತ್ತದೆ, ಮೇಲಿನ ಕಿರಣಗಳು ಜಾಸ್ತಿ ದೂರ ಹೋಗುವುದರಿಂದ. ಇದನ್ನು ಕೀಸ್ಟೋನ್ ಅನ್ನೋ ಸೌಲಭ್ಯ "ತಾನೇ" ಸರಿಮಾಡುತ್ತದೆ ಅಂತ ಹೊಗಳುತ್ತಾರೆ. ಅದು ಮಾಡೋದಿಷ್ಟೇ: ಚಿತ್ರವನ್ನು ಉಲ್ಟಾ ಆಕಾರಕ್ಕೆ ಕುಗ್ಗಿಸಿ ಎಲ್‌ಸಿಡಿಯ ಒಂದು ಭಾಗದಲ್ಲಿ ಮಾತ್ರ ಕೂರಿಸುತ್ತದೆ. ಮೊದಲೇ ಕಮ್ಮಿ ಇದ್ದ ಚುಕ್ಕಿಗಳೂ ಬೆಳಕೂ ಇನ್ನಷ್ಟು ಕಮ್ಮಿ, ಅಂಚಿನಲ್ಲಿ ಒಂದು ಬೂದು ಚೌಕಟ್ಟು ಬೇರೆ. ನಾಲ್ಕು ಪುಸ್ತಕ ಜೋಡಿಸಿಯೋ ಸ್ಟೂಲ್ ಮೇಲೋ ಇಟ್ಟು ನೇರ ಮಾಡೋದೇ ವಾಸಿ. ನಡುವೆ ಸ್ಪಷ್ಟವಾದರೆ ಮೂಲೆ ಮಸುಕು, ಮೂಲೆ ಸರಿಹೋದರೆ ನಡು ಮಸುಕು ಆಗೋದು ಅಗ್ಗದ ಲೆನ್ಸಿನ ಹಣೆಬರಹ, ಅದಕ್ಕೆ ಮದ್ದಿಲ್ಲ.

ಸ್ವಲ್ಪ ಹೆಚ್ಚು ಖರ್ಚು ಮಾಡುವವರಿಗೆ ಡಿಎಲ್‌ಪಿ ಎಂಬ ಇನ್ನೊಂದು ಬಗೆ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದ ಚಿಪ್ ಅದರ ಜೀವಾಳ. ಕೂದಲಿನ ದಪ್ಪಕ್ಕಿಂತ ಚಿಕ್ಕದಾದ ಲಕ್ಷಾಂತರ ಕನ್ನಡಿಗಳು ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ಓಲಾಡಿ ಬೆಳಕನ್ನು ಲೆನ್ಸಿನತ್ತ ಕಳಿಸುತ್ತವೆ, ಇಲ್ಲವೇ ಪಕ್ಕಕ್ಕೆ ತಳ್ಳುತ್ತವೆ. ಪೋಲರೈಸರ್ ಬೇಕಿಲ್ಲ, ಬೆಳಕು ಪೋಲಾಗೋದು ಕಮ್ಮಿ, ಡಬ್ಬವೂ ಅಂಗೈಯಷ್ಟು ಚಿಕ್ಕದಾಗುತ್ತದೆ. ಮೂರು ಬಣ್ಣಗಳನ್ನು ಒಂದಾದ ಮೇಲೊಂದು ತೋರಿಸುವುದರಿಂದ ಕೆಲವರಿಗೆ ಕಣ್ಣು ಹೊರಳಿಸಿದಾಗ ಕಾಮನಬಿಲ್ಲಿನ ಗೆರೆ ಕಾಣುತ್ತದೆ. ಕೊಳ್ಳೋ ಮೊದಲು ಒಮ್ಮೆ ಕಣ್ಣಾರೆ ನೋಡಿ.

ಪರದೆಗೆ ದುಡ್ಡು ಬೇಕಿಲ್ಲ. ಹೊಳಪಿಲ್ಲದ ಬಿಳಿ ಗೋಡೆ, ಸುಣ್ಣ ಬಳಿದದ್ದಾದರೂ ಸರಿ, ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚದುರಿಸುತ್ತದೆ. ಮಿಂಚುವ ಆಯಿಲ್ ಪೇಂಟ್ ಆದರೆ ನಡುವೆ ಒಂದು ಬಿಳಿ ಮಚ್ಚೆ ಹೊಳೆಯುತ್ತದೆ. ಟೆರೇಸಿನಲ್ಲಿ ತೆಳ್ಳಗಿನ ಬೆಡ್‌ಶೀಟ್ ಕಟ್ಟಿದರೆ ಬೆಳಕಿನ ಒಂದು ಪಾಲು ಆ ಕಡೆಗೇ ತೂರಿಹೋಗುತ್ತದೆ, ಹಿಂದಿನ ಮನೆಯವರಿಗೆ ಪುಕ್ಕಟೆ ಸಿನಿಮಾ.

"ಪೋರ್ಟಬಲ್" ಅಂತ ಬರೆದಿದ್ದರೂ ಈ ಬೆಲೆಯವುಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿ ಇರಲ್ಲ. ಎತ್ತಿಕೊಂಡು ಹೋಗಬಹುದು, ಹೋದಲ್ಲಿ ಪ್ಲಗ್ ಪಾಯಿಂಟ್ ಹುಡುಕಬೇಕು. ಸ್ಪೀಕರ್ ಹೆಸರಿಗಷ್ಟೇ, ಅದರ ಮೇಲೆ ಫ್ಯಾನಿನ ಗುಂಯ್ ಸದ್ದು. ಬ್ಲೂಟೂತ್ ಸ್ಪೀಕರ್ ಜೋಡಿಸಿದರೆ ಮಾತು ತುಟಿಗಿಂತ ಒಂದು ಕ್ಷಣ ತಡವಾಗಿ ಬರುತ್ತದೆ, ಸಾದಾ ವೈರ್ ಹಾಕಿದರೆ ಆ ರಗಳೆ ಇಲ್ಲ.

ಒಳಗಿನ ಆಂಡ್ರಾಯ್ಡ್ ಬಗ್ಗೆ ಮಾತ್ರ ನನಗೆ ಸ್ವಲ್ಪವೂ ನಂಬಿಕೆ ಇಲ್ಲ. ಗೂಗಲ್‌ನ ಮಾನ್ಯತೆ ಪಡೆಯದ ಸಾಧನಗಳಲ್ಲಿ ನೆಟ್‌ಫ್ಲಿಕ್ಸ್‌ನಂಥ ಆ್ಯಪ್ ತೆರೆಯುವುದೇ ಇಲ್ಲ, ತೆರೆದರೂ ಎಚ್‌ಡಿ ಬರಲ್ಲ. ಅದಾದರೂ ಪರವಾಗಿಲ್ಲ ಅನ್ನಬಹುದು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಎಂಬ ಜಾಲದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಮನೆಯ ಇಂಟರ್‌ನೆಟ್ಟನ್ನು ಕಳ್ಳರ ಕೆಲಸಕ್ಕೆ ಬಳಸಿಕೊಳ್ಳುವ ಕುತಂತ್ರಾಂಶ ಅದು, ಕೆಲವು ಸಾಧನಗಳಲ್ಲಿ ಕೊಳ್ಳುವ ಮೊದಲೇ ಸೇರಿಕೊಂಡಿರುತ್ತದೆ. ಅಂಥ ಸಾಧನಗಳ ಪಟ್ಟಿಯಲ್ಲಿ ಟಿವಿ ಬಾಕ್ಸ್‌ಗಳ ಜೊತೆ ಡಿಜಿಟಲ್ ಪ್ರೊಜೆಕ್ಟರ್‌ಗಳೂ ಇದ್ದವು. ಹಾಗಾಗಿ ಪ್ರೊಜೆಕ್ಟರಿಗೆ ವೈಫೈ ಪಾಸ್‌ವರ್ಡ್ ಕೊಡಲೇಬೇಡಿ. ಒಳ್ಳೆಯ ಕಂಪನಿಯ ಟಿವಿ ಸ್ಟಿಕ್ ಒಂದನ್ನು ಎಚ್‌ಡಿಎಂಐ ತೂತಿಗೆ ಚುಚ್ಚಿ, ಕೆಲಸವೆಲ್ಲ ಅದೇ ಮಾಡಲಿ. ನೆಟ್‌ಫ್ಲಿಕ್ಸ್ ಸಮಸ್ಯೆಯೂ ಅಲ್ಲಿಗೆ ಮುಗಿಯುತ್ತದೆ.

ಎಲ್‌ಇಡಿ 30,000 ಗಂಟೆ ಬಾಳುತ್ತದೆ ಅಂತಾರೆ, ಬಾಳಬಹುದು. ಆದರೆ ಅದಕ್ಕಿಂತ ಎಷ್ಟೋ ಮೊದಲು ಸೋಲೋದು ಆ ಪೋಲರೈಸರ್ ಮತ್ತು ಫ್ಯಾನು. ಹಿಂದೆ ಮುಂದೆ ಗಾಳಿ ಆಡೋಕೆ ಒಂದು ಗೇಣು ಜಾಗ ಬಿಡಿ, ಹಾಸಿಗೆ ದಿಂಬಿನ ಮೇಲೆ ಇಡಬೇಡಿ, ಆಫ್ ಮಾಡಿದಾಗ ಫ್ಯಾನು ತಾನಾಗೇ ನಿಲ್ಲೋವರೆಗೂ ಪ್ಲಗ್ ಕೀಳಬೇಡಿ. ಜಾಲರಿಯ ಧೂಳನ್ನು ಆಗಾಗ ಬ್ರಶ್ಶಿನಿಂದ ಕೊಡವಿ. ಚಿತ್ರದಲ್ಲಿ ಎಲ್ಲೂ ಹೋಗದ ಮಬ್ಬು ಚುಕ್ಕಿ ಕಾಣಿಸಿಕೊಂಡರೆ ಧೂಳು ಎಲ್‌ಸಿಡಿ ಮೇಲೇ ಕೂತಿದೆ ಅಂತ ಅರ್ಥ. ಒಳಭಾಗ ಸೀಲ್ ಆಗಿರುವ ಮಾಡೆಲ್ ಸಿಕ್ಕರೆ ಇನ್ನೂರು ಮುನ್ನೂರು ಹೆಚ್ಚಾದರೂ ಅದನ್ನೇ ತಗೊಳ್ಳಿ.

ಏನು ನೋಡಬೇಕು ಅನ್ನೋದಕ್ಕೂ ಬೆಳಕಿಗೂ ಸಂಬಂಧ ಇದೆ. ಕ್ರಿಕೆಟ್ ಮೈದಾನ ಇಡೀ ಹಸಿರು, ಫ್ಲಡ್‌ಲೈಟು, ಬಣ್ಣದ ಜೆರ್ಸಿ, ಕಪ್ಪಿನ ಗೊಡವೆಯೇ ಇಲ್ಲ; ಎಂಟು ಜನ ಚಾಪೆ ಹಾಸಿ ಕೂತು ಐಪಿಎಲ್ ನೋಡೋಕೆ 80 ಇಂಚು ಸೊಗಸಾಗಿರುತ್ತದೆ. ಮಕ್ಕಳ ಕಾರ್ಟೂನ್, ಪ್ರಕೃತಿಯ ಡಾಕ್ಯುಮೆಂಟರಿಗಳೂ ಹಾಗೇ. ಮಧ್ಯರಾತ್ರಿ ಮಳೆಯಲ್ಲಿ, ಲಾಟೀನು ಬೆಳಕಿನಲ್ಲಿ ನಡೆಯುವ ಥ್ರಿಲ್ಲರ್‌ಗಳನ್ನು ಸುಮ್ನೆ ಟಿವಿಯಲ್ಲೇ ನೋಡಿ.