ಫ್ರೆಟ್‌ಲೆಸ್ ಬೇಸ್‌ನ ಗೆರೆಗಳು: ಕಿತ್ತ ಫ್ರೆಟ್ ಬಿಟ್ಟುಹೋದ ಕಲೆ

ಫ್ರೆಟ್‌ಲೆಸ್ ಬೇಸ್ ಗಿಟಾರ್, ಅಂದರೆ ಸ್ವರದ ಜಾಗ ಹಿಡಿದುಕೊಡುವ ಲೋಹದ ಅಡ್ಡಪಟ್ಟಿಗಳು (ಫ್ರೆಟ್) ಇಲ್ಲದ ಬೇಸ್, ಕೊಳ್ಳಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು, ಫಿಂಗರ್‌ಬೋರ್ಡ್ (ತಂತಿ ಒತ್ತುವ ಹಲಗೆ) ಮೇಲೆ ಫ್ರೆಟ್‌ನ ಜಾಗ ತೋರಿಸುವ ಗೆರೆ ಇರಬೇಕೋ ಬೇಡವೋ ಎಂಬುದನ್ನು. ಗೆರೆ ನೋಡಿ ನುಡಿಸುವುದು ಕಳ್ಳಾಟ ಎಂದು ಮೂಗು ಮುರಿಯುವವರು ಇದ್ದೇ ಇದ್ದಾರೆ. ಆದರೆ ಆ ಗೆರೆ ಕಲಿಯುವವರ ಅನುಕೂಲಕ್ಕೆಂದು ಹುಟ್ಟಿದ್ದಲ್ಲ.

1951ರಲ್ಲಿ ಲಿಯೋ ಫೆಂಡರ್ ತಮ್ಮ ಎಲೆಕ್ಟ್ರಿಕ್ ಬೇಸ್‌ಗೆ ‘ಪ್ರಿಸಿಷನ್’ ಎಂದು ಹೆಸರಿಟ್ಟದ್ದೇ ಫ್ರೆಟ್‌ಗಳ ದೆಸೆಯಿಂದ. ಫ್ರೆಟ್ ಇಲ್ಲದ, ದೊಡ್ಡ ಪಿಟೀಲಿನಂಥ ಡಬಲ್ ಬೇಸ್‌ನಲ್ಲಿ ಕಿವಿಯಿಂದ ಹುಡುಕಬೇಕಿದ್ದ ಸ್ವರ ಇಲ್ಲಿ ಒತ್ತಿದ ಕೂಡಲೇ ಶ್ರುತಿಗೆ ಸೇರುತ್ತಿತ್ತು. ಹತ್ತೇ ವರ್ಷಕ್ಕೆ, 1961ರಲ್ಲಿ, ಮುಂದೆ ರೋಲಿಂಗ್ ಸ್ಟೋನ್ಸ್ ಸೇರಿದ ಇಂಗ್ಲೆಂಡಿನ ಬಿಲ್ ವೈಮನ್ ಅಗ್ಗದ ಬೇಸ್ ಒಂದರ ಫ್ರೆಟ್ ಕಿತ್ತರು. ಹೊಸದು ಹಾಕಿಸಬೇಕೆಂದಿದ್ದವರು ನಾದ ಹಿಡಿಸಿದ್ದರಿಂದ ಹಾಗೇ ಬಿಟ್ಟರು.

ಕಾರ್ಖಾನೆಯಿಂದಲೇ ಫ್ರೆಟ್ ಇಲ್ಲದೆ ಬಂದ ಮೊದಲ ಬೇಸ್ 1966ರ ಆಂಪೆಗ್ ಎಯುಬಿ-1. ಆಂಪೆಗ್ ಡಬಲ್ ಬೇಸ್‌ನ ಪಿಕಪ್ (ನಾದವನ್ನು ಆಂಪ್ಲಿಫೈಯರ್‌ಗೆ ಒಯ್ಯುವ ಸಾಧನ) ಮಾಡುತ್ತಲೇ ಬೆಳೆದ ಕಂಪನಿ. ಅದರ ಗಿರಾಕಿಗಳೂ ಅದೇ ವಾದ್ಯದವರು. ಪಿಟೀಲು ನುಡಿಸುವವರು ಗೆರೆ ಕೇಳುತ್ತಾರೆಯೇ? ಇವರೂ ಕೇಳಲಿಲ್ಲ. 1970ರಲ್ಲಿ ಫೆಂಡರ್ ತಂದ ಫ್ರೆಟ್‌ಲೆಸ್ ಪ್ರಿಸಿಷನ್ ಕೂಡ ಬೋಳು ಹಲಗೆಯದೇ.

ಗೆರೆಗೆ ಮರ್ಯಾದೆ ಬಂದದ್ದು ಅಮೆರಿಕದ ಜಾಝ್ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್‌ನಿಂದ. ಆತನ 1962ರ ಫೆಂಡರ್ ‘ಜಾಝ್ ಬೇಸ್’ ಮೂಲತಃ ಫ್ರೆಟ್ ಇದ್ದದ್ದು. ಕಿತ್ತ ಸೀಳುಗಳಿಗೆ ಫಿಲ್ಲರ್ ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ (ಗಟ್ಟಿಯಾಗುವ ರಾಳ) ಬಳಿದದ್ದರಿಂದ ಗೆರೆಗಳು ಎದ್ದು ಕಂಡವು. 1976ರ ಮೊದಲ ಆಲ್ಬಮ್ ಬಂದ ಮೇಲೆ ಆ ನಾದದ ಜೊತೆಗೆ ಆ ನೋಟವೂ ಬೇಕೆನಿಸಿತು. ಕೊನೆಗೆ ತಯಾರಕರು ಹೊಸ ಹಲಗೆಯಲ್ಲಿ ಬೇಕೆಂದೇ ಸೀಳು ಕೊಯ್ದು ಬಿಳಿ ಪಟ್ಟಿ ತುಂಬತೊಡಗಿದರು. ಗೆರೆಯನ್ನು ಕಳ್ಳಾಟ ಎನ್ನುವವರು ಆರಾಧಿಸುವ ವಾದಕನ ಬೇಸ್‌ನಲ್ಲೇ ಗೆರೆ ಇತ್ತು ಎಂಬುದು ತಮಾಷೆ.

ಇಷ್ಟಾಗಿ ಗೆರೆ ಎಷ್ಟು ನೆರವಾಗುತ್ತದೆ? 34 ಇಂಚಿನ, ಅಂದರೆ 863.6 ಮಿ.ಮೀ. ಸ್ಕೇಲ್‌ನಲ್ಲಿ (ಮಿಡಿಯುವ ತಂತಿಯ ಉದ್ದ) ಮೊದಲ ಗೆರೆ ನಟ್‌ನಿಂದ (ಹಲಗೆಯ ತಲೆಭಾಗದಲ್ಲಿ ತಂತಿ ಕೂರುವ ಕಚ್ಚುಪಟ್ಟಿ) ಸುಮಾರು 48.5 ಮಿ.ಮೀ. ದೂರ, 11 ಮತ್ತು 12ನೇ ಗೆರೆಗಳ ನಡುವೆ 25.7 ಮಿ.ಮೀ. ಮಾತ್ರ. ಬೆರಳು 5 ಮಿ.ಮೀ. ತಪ್ಪಿದರೆ ಮೊದಲ ಗೆರೆಯ ಬಳಿ ಸುಮಾರು 10 ಸೆಂಟ್ (ಪಕ್ಕಪಕ್ಕದ ಎರಡು ಫ್ರೆಟ್‌ಗಳ ಸ್ವರದ ಅಂತರವಾದ ಸೆಮಿಟೋನಿನ ನೂರರಲ್ಲೊಂದು ಪಾಲು ಒಂದು ಸೆಂಟ್) ಶ್ರುತಿ ತಪ್ಪುತ್ತದೆ, 12ರ ಬಳಿ 20 ಸೆಂಟ್. ಫ್ರೆಟ್ ಬೇಸ್‌ನಿಂದ ಬಂದವರ ದೊಡ್ಡ ತೊಡಕು, ಗೆರೆಯ ಹಿಂದೆ ಒತ್ತುವ ಅಭ್ಯಾಸ. 5ನೇ ಗೆರೆಗಿಂತ 10 ಮಿ.ಮೀ. ಹಿಂದೆ ಒತ್ತಿದರೆ ಸ್ವರ ಸುಮಾರು 27 ಸೆಂಟ್ ಇಳಿದಿರುತ್ತದೆ. ತಂತಿ ಮಿಡಿಯುವುದು ಬೆರಳಿನ ಬ್ರಿಡ್ಜ್ (ವಾದ್ಯದ ಒಡಲಿನ ಮೇಲೆ ತಂತಿ ಹಿಡಿಯುವ ಭಾಗ) ಕಡೆಯ ಅಂಚಿನಿಂದ. ಗೆರೆಗೆ ತಾಗಬೇಕಾದದ್ದು ಆ ಅಂಚು. ಮೇಲಿಂದ ಓರೆಯಾಗಿ ನೋಡುವ ಕಣ್ಣಿಗೆ ಅದು ಸರಿಯಾಗಿ ಕಾಣುವುದೂ ಇಲ್ಲ. ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಸರಿಸಿ, 12ನೇ ಗೆರೆಯ ಮೇಲೆ ಒತ್ತಿದ ಸ್ವರವನ್ನು ಅಲ್ಲಿನ ಹಾರ್ಮೋನಿಕ್‌ಗೆ (ತಂತಿಯನ್ನು ಒತ್ತದೆ ಬರೇ ತಾಗಿಸಿ ಮಿಡಿದಾಗ ಬರುವ ಸ್ವರ) ಹೊಂದಿಸಿಕೊಳ್ಳದಿದ್ದರೆ ಗೆರೆಗಳೆಲ್ಲ ಸುಳ್ಳು ಹೇಳುತ್ತವೆ. ಗೆರೆ ನೆರೆಹೊರೆಯನ್ನು ತೋರಿಸುತ್ತದೆ. ಮನೆಬಾಗಿಲು ಹುಡುಕಬೇಕಾದದ್ದು ಕಿವಿಯೇ.

ಇರುವ ಬೇಸ್‌ನ ಫ್ರೆಟ್ ಕೀಳಿಸುವವರಿಗೆ ಗೆರೆ ಬೇಡವೆಂದರೂ ಸೀಳು ತುಂಬುವ ಕೆಲಸ ತಪ್ಪದು. ಸೋಲ್ಡರಿಂಗ್ ಐರನ್‌ನಿಂದ ಫ್ರೆಟ್ ಬಿಸಿ ಮಾಡಿ, ಬಾಯಿ ಚಪ್ಪಟೆಯಾಗಿ ಉಜ್ಜಿದ ಇಕ್ಕಳದಿಂದ ಒಂದು ತುದಿಯಿಂದ ನಿಧಾನವಾಗಿ ಎಬ್ಬಿಸಬೇಕು. ಅವಸರ ಮಾಡಿದರೆ ಮರದ ಚಕ್ಕೆ ಏಳುತ್ತದೆ. ಸೀಳಿನ ಅಗಲ ಸುಮಾರು 0.6 ಮಿ.ಮೀ.; ಅದೇ ದಪ್ಪದ ವೆನೀರ್ (ಮರದ ತೆಳು ಹಾಳೆ) ಪಟ್ಟಿ ಕೂರಿಸಿ ತೆಳು ಸೂಪರ್ ಗ್ಲೂ ಹರಿಸಬೇಕು. ಗೆರೆ ಬೇಕಿದ್ದರೆ ತಿಳಿಬಣ್ಣದ ಮೇಪಲ್ ಮರ, ಬೇಡವಾದರೆ ಹಲಗೆಯದೇ ಮರ. ಸೀಳು ಖಾಲಿ ಬಿಟ್ಟರೆ ಅಥವಾ ಮೆತ್ತಗಿನ ಫಿಲ್ಲರ್ ತುಂಬಿದರೆ ತಂತಿಯ ಎಳೆತಕ್ಕೆ ಸೀಳುಗಳ ಬಾಯಿ ಮುಚ್ಚಿಕೊಂಡು ನೆಕ್ ಮುಂದಕ್ಕೆ ಬಾಗುತ್ತದೆ. ಆಮೇಲೆ ಹಲಗೆಯ ಉಬ್ಬಿಗೆ ಹೊಂದುವ ಬ್ಲಾಕ್‌ಗೆ ಉಪ್ಪುಕಾಗದ ಸುತ್ತಿ ಒರಟಾದ 220ನೇ ನಂಬರಿನಿಂದ ನಯವಾದ 600ರವರೆಗೆ ಹಂತಹಂತವಾಗಿ ಉಜ್ಜುವುದು.

ಹೆಚ್ಚಿನವರು ಮರೆಯುವುದು ನಟ್ ಅನ್ನು. ಸುಮಾರು 1 ಮಿ.ಮೀ. ಎತ್ತರದ ಫ್ರೆಟ್ ಹೋದ ಮೇಲೆ ನಟ್‌ನ ಕಚ್ಚುಗಳನ್ನೂ ಅಷ್ಟೇ ಇಳಿಸಬೇಕು. ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರಿದರೆ ಸಾಕು. ಇಳಿಸದಿದ್ದರೆ ಮೊದಲ ಮೂರು ಸ್ವರ ಒತ್ತುವಷ್ಟರಲ್ಲಿ ತಂತಿ ಹಿಗ್ಗಿ ಶ್ರುತಿ ಏರುತ್ತದೆ. ರೋಸ್‌ವುಡ್ ಹಲಗೆಯನ್ನು ರೌಂಡ್‌ವೌಂಡ್ ತಂತಿ (ದುಂಡು ಎಳೆ ಸುತ್ತಿದ, ಮೇಲ್ಮೈ ಒರಟಾದದ್ದು) ಅರದಂತೆ ತಿನ್ನುತ್ತದೆ. ಎಪಾಕ್ಸಿ ಬಳಿಯಿರಿ, ಇಲ್ಲವೇ ಚಪ್ಪಟೆ ಎಳೆ ಸುತ್ತಿದ ನಯವಾದ ಫ್ಲಾಟ್‌ವೌಂಡ್ ತಂತಿ ಹಾಕಿ ನಾದ ತುಸು ಮಂಕಾಗುವುದನ್ನು ಒಪ್ಪಿಕೊಳ್ಳಿ.

ನಿಜವಾದ ಗೊಂದಲ ಇರುವುದು ನೆಕ್‌ನ ಅಂಚಿನಲ್ಲಿ ಜಾಗ ಗುರುತಿಸಲು ಇಟ್ಟ ಪಕ್ಕದ ಚುಕ್ಕೆಗಳಲ್ಲಿ. ಬೋಳು ಹಲಗೆಯ ಬೇಸ್‌ನಲ್ಲಿ ಚುಕ್ಕೆ ಸಾಮಾನ್ಯವಾಗಿ ಸ್ವರದ ಜಾಗದಲ್ಲೇ ಇರುತ್ತದೆ. ಗೆರೆ ಇರುವ ಎಷ್ಟೋ ಬೇಸ್‌ಗಳಲ್ಲಿ, ಫ್ರೆಟ್ ಕಿತ್ತವುಗಳಲ್ಲಂತೂ, ಅದು ಎರಡು ಗೆರೆಗಳ ನಡುವೆ ಕೂತಿರುತ್ತದೆ. ಒಂದಕ್ಕೆ ಒಗ್ಗಿದವರು ಇನ್ನೊಂದನ್ನು ಹಿಡಿದರೆ ಅರ್ಧ ಸೆಮಿಟೋನ್ ಅಪಶ್ರುತಿ ಖಂಡಿತ. ಅಂಗಡಿಯಲ್ಲಿ 12ರ ಹಾರ್ಮೋನಿಕ್ ಸ್ಪಷ್ಟವಾಗಿ ಮೊಳಗುವ ಜಾಗ ಹುಡುಕಿ, 12ನೇ ಜಾಗವನ್ನು ಸೂಚಿಸುವ ಜೋಡಿ ಚುಕ್ಕೆ ಅದರ ನೇರಕ್ಕಿದೆಯೋ ಸುಮಾರು 13 ಮಿ.ಮೀ. ನಟ್ ಕಡೆಗೆ ಸರಿದಿದೆಯೋ ನೋಡಿಕೊಂಡೇ ದುಡ್ಡು ಕೊಡಿ.