ಸ್ಟೇಟಸ್ ಯಾರಿಗಾಗಿ? ತೋರಿಕೆಯ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಸಮಾಜಶಾಸ್ತ್ರ ಓದುತ್ತಿರುವ ಗೆಳೆಯರಿಗೆ ಇದು. ಜನ ಸೋಶಿಯಲ್ ಮೀಡಿಯಾದಲ್ಲಿ ಯಾಕೆ ಇಷ್ಟೊಂದು ತೋರಿಸಿಕೊಳ್ಳುತ್ತಾರೆ ಎಂದು ಕೇಳಿದರೆ "ಶೋಕಿ ಕಣ್ರೀ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ಆ ಉತ್ತರಕ್ಕೆ ಅಂಕ ಬರುವುದಿಲ್ಲ. ಅದಕ್ಕೇ ನಾನು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಂಡೆ. ಯಾಕೆ ತೋರಿಸುತ್ತಾರೆ ಅನ್ನುವುದು ಹಾಗಿರಲಿ, ಯಾರಿಗೆ ತೋರಿಸುತ್ತಾರೆ? ಹೀಗೆ ಕೇಳಿಕೊಂಡ ಮೇಲೆ ಓದಿದ್ದು ತಲೆಗೆ ಹತ್ತತೊಡಗಿತು.

ಮೊದಲು ನನ್ನದೇ ಕಥೆ. ಹೋದ ವರ್ಷ ಮುಳ್ಳಯ್ಯನಗಿರಿಗೆ ಹೋಗಿದ್ದೆ. ಮಂಜಿನ ನಡುವೆ ಒಬ್ಬನೇ ನಿಂತ ಫೋಟೋ ವಾಟ್ಸ್‌ಆಪ್ ಸ್ಟೇಟಸ್‌ಗೆ ಹಾಕಿದೆ. ಎರಡಡಿ ಪಕ್ಕದಲ್ಲಿ ಅದೇ ಜಾಗಕ್ಕೆ ಸರದಿ ಕಾಯುತ್ತಿದ್ದ ಹತ್ತು ಹನ್ನೆರಡು ಜನ ಇದ್ದರು. ಅವರನ್ನು ಕ್ರಾಪ್ ಮಾಡಿದ್ದೆ. ಇಳಿಯುವಾಗ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತು. ಫೋನಿಗೆ ನೆಟ್‌ವರ್ಕ್ ಸಿಕ್ಕಾಗಲೆಲ್ಲ ಕಣ್ಣಿನ ಗುರುತು ಒತ್ತಿ ಯಾರ್ಯಾರು ನೋಡಿದರು ಅಂತ ನೋಡುವುದೇ ಕೆಲಸ. ಅರವತ್ತು ಜನ ನೋಡಿಯಾಗಿತ್ತು. ನಾನು ಹುಡುಕುತ್ತಿದ್ದದ್ದು ಒಂದೇ ಹೆಸರು, ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನದು.

ಈ ಪಕ್ಕದ ಬೆಂಚಿನವನನ್ನು ಮರೆಯಬೇಡಿ, ಮುಂದೆ ಬೇಕಾಗುತ್ತಾನೆ.

ವೆಬ್ಲೆನ್‌ನ ಚಮಚ

ತೋರಿಕೆಯ ಬಗ್ಗೆ ಓದುವವರು ಶುರು ಮಾಡಬೇಕಾದದ್ದು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್‌ನಿಂದ. 1899ರ ಅವನ ಪುಸ್ತಕದ ಮುಖ್ಯ ಮಾತು ಇಷ್ಟೇ: ದುಡ್ಡು ಇದ್ದರೆ ಸಾಲದು, ಅದು ನಾಲ್ಕು ಜನಕ್ಕೆ ಕಾಣಬೇಕು, ಆಗಲೇ ಮರ್ಯಾದೆ. ಇದಕ್ಕೆ ಅವನು ಇಟ್ಟ ಹೆಸರು ಕಾನ್‌ಸ್ಪಿಕ್ಯುಯಸ್ ಕನ್ಸಂಪ್ಶನ್. ತೋರಿಕೆಯ ಖರ್ಚು ಅಂತ ನೆನಪಿಟ್ಟುಕೊಳ್ಳಿ. ಅವನು ಕೊಡುವ ಉದಾಹರಣೆ ಒಂದು ಚಮಚ. ಕೈಯಲ್ಲಿ ಮಾಡಿದ ಬೆಳ್ಳಿ ಚಮಚಕ್ಕೆ ಹತ್ತಿಪ್ಪತ್ತು ಡಾಲರ್. ಯಂತ್ರದಲ್ಲಿ ಮಾಡಿದ ಅಲ್ಯೂಮಿನಿಯಂ ಚಮಚಕ್ಕೆ ಹತ್ತಿಪ್ಪತ್ತು ಸೆಂಟ್. ಬಾಯಿಗೆ ಅನ್ನ ಎರಡರಿಂದಲೂ ಹೋಗುತ್ತೆ. ಉಳಿದ ದುಡ್ಡು ನೋಡುವವರಿಗಾಗಿ.

ನಮಗೆ ಇದನ್ನು ಅಮೆರಿಕದವನು ಹೇಳಿಕೊಡಬೇಕಾಗಿರಲಿಲ್ಲ ಅನ್ನಿ. ದೇವಸ್ಥಾನದ ಟ್ಯೂಬ್‌ಲೈಟ್ ನೋಡಿ. ದಾನಿಯ ಹೆಸರು, ಅಪ್ಪನ ಹೆಸರು, ಊರು ಎಲ್ಲ ಬರೆಸಿ ಬರೆಸಿ ಬೆಳಕು ಬರುವುದಕ್ಕೆ ಜಾಗವೇ ಇರುವುದಿಲ್ಲ. ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೆತ್ತಿಸಿರುತ್ತಾರೆ, ಮೂವತ್ತು ವರ್ಷ ಸಾರು ಕುದಿಸಿದರೂ ಅಳಿಸುವುದಿಲ್ಲ. "ಈಗಿನ ಕಾಲದವರಿಗೆ ಬಂದ ರೋಗ" ಅನ್ನುವ ಹಿರಿಯರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುವ ಗಾದೆ ಫೋನ್ ಬರುವ ಮೊದಲೇ ಇತ್ತಲ್ವಾ? ಆದರೆ ಆ ಗಾದೆಯಲ್ಲಿ ಒಂದು ತಮಾಷೆ ಇದೆ. ಅರ್ಧರಾತ್ರಿಯಲ್ಲಿ ಕೊಡೆ ಹಿಡಿದರೆ ನೋಡುವವರು ಯಾರು? ಈಗ ಅರ್ಧರಾತ್ರಿಯಲ್ಲೂ ನೋಡುವವರಿದ್ದಾರೆ. ಬದಲಾದದ್ದು ಅದು.

ಯಾರ ಜೊತೆ ಹೋಲಿಕೆ?

ಈಗ ಪಕ್ಕದ ಬೆಂಚಿನವನು. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಸಾಮಾಜಿಕ ಹೋಲಿಕೆಯ ಸಿದ್ಧಾಂತ ಮಂಡಿಸಿದ. ನಾವು ಹೇಗಿದ್ದೇವೆ ಅಂತ ಅಳೆಯಲು ಬೇರೆ ಅಳತೆಗೋಲು ಸಿಗದಿದ್ದಾಗ ಬೇರೆಯವರನ್ನು ನೋಡಿ ಅಳೆದುಕೊಳ್ಳುತ್ತೇವೆ. ಅದರಲ್ಲೂ ನಮ್ಮಂಥವರನ್ನೇ ಆರಿಸಿಕೊಳ್ಳುತ್ತೇವೆ. ಅಂಬಾನಿ ಮನೆಯ ಮದುವೆ ನೋಡಿ ಯಾರಿಗೂ ನಿದ್ದೆ ಕೆಡುವುದಿಲ್ಲ. ಓರಗಿತ್ತಿ ಹೊಸ ಫ್ರಿಜ್ ಫೋಟೋ ಹಾಕಿದರೆ ಕೆಡುತ್ತದೆ. ತೋರಿಸುವವರ ಲೆಕ್ಕವೂ ಅದೇ: ಸಾವಿರ ಜನ ನೋಡಲಿ, ನಾಟಬೇಕಾದದ್ದು ನಾಲ್ಕೈದು ಜನಕ್ಕೆ. ನನ್ನ ಲೆಕ್ಕದಲ್ಲಿ ಆ ಪಕ್ಕದ ಬೆಂಚಿನವನಿಗೆ.

ಹೋಟೆಲಿನ ಅಡುಗೆಮನೆ

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ನನಗೆ ಎಲ್ಲರಿಗಿಂತ ಇಷ್ಟ. ಸ್ಕಾಟ್ಲೆಂಡ್‌ನ ಶೆಟ್‌ಲ್ಯಾಂಡ್ ದ್ವೀಪದಲ್ಲಿ ಇದ್ದು, ಅಲ್ಲಿಯ ಒಂದು ಸಣ್ಣ ಹೋಟೆಲನ್ನು ಹತ್ತಿರದಿಂದ ನೋಡಿದ ಮನುಷ್ಯ. ಊಟದ ಹಾಲ್‌ನಲ್ಲಿ ಎಲ್ಲ ಅಚ್ಚುಕಟ್ಟು. ಅಡುಗೆಮನೆಯಲ್ಲಿ ಒದ್ದೆ ಸಾಕ್ಸನ್ನು ಹಬೆಯಾಡುವ ಕೆಟಲ್ ಮೇಲೆ ಒಣಗಿಸುತ್ತಿದ್ದರಂತೆ. ಗಿರಾಕಿಗಳು ಅರ್ಧ ತಿಂದು ಬಿಟ್ಟ ಬೆಣ್ಣೆಯನ್ನು ಮತ್ತೆ ಉಂಡೆ ಕಟ್ಟಿ, ತಾಜಾ ಕಾಣುವ ಹಾಗೆ ಮಾಡಿ ಹಾಲ್‌ಗೆ ಕಳಿಸುತ್ತಿದ್ದರಂತೆ. ನಾಟಕದ ಭಾಷೆಯಲ್ಲಿ ಹೇಳಿದರೆ ಅಡುಗೆಮನೆ ತೆರೆಯ ಹಿಂದಿನ ಜಾಗ, ಹಾಲ್ ವೇದಿಕೆ. ನಾವೆಲ್ಲ ದಿನವಿಡೀ ಈ ಎರಡರ ನಡುವಿನ ಬಾಗಿಲು ದಾಟುತ್ತಿರುತ್ತೇವೆ ಅನ್ನುವುದು ಅವನ ಮಾತು.

ಇದನ್ನು ಓದಿದ ಮೇಲೆ ನನಗೆ ಮೊದಲು ನೆನಪಾದದ್ದು ಆ ಕ್ರಾಪ್. ಅದು ಸುಳ್ಳಲ್ಲ, ನಾನು ಅಲ್ಲಿ ನಿಂತಿದ್ದು ನಿಜ. ಸರದಿಯಲ್ಲಿದ್ದವರನ್ನು ಅಡುಗೆಮನೆಗೆ ತಳ್ಳಿದೆ, ಅಷ್ಟೇ. ಪರೀಕ್ಷೆಯಲ್ಲಿ ವೆಬ್ಲೆನ್, ಗಾಫ್‌ಮನ್ ಇಬ್ಬರನ್ನೂ ಕಲಸಬೇಡಿ. ವೆಬ್ಲೆನ್ ಅಂತಸ್ತಿನ ಬಗ್ಗೆ ಹೇಳುತ್ತಾನೆ, ಗಾಫ್‌ಮನ್ ವೇಷದ ಬಗ್ಗೆ. ಬಡವನೂ ವೇಷ ಹಾಕುತ್ತಾನೆ.

ಗುಂಡಿ ಒತ್ತುವ ಪಾರಿವಾಳ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ. ಗುಂಡಿಯನ್ನು ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಅನ್ನುವುದು ಗೊತ್ತಿಲ್ಲದಾಗ ಅವು ಕುಕ್ಕುವುದನ್ನು ಬಿಡುವುದೇ ಇಲ್ಲ. ಫೇಸ್‌ಬುಕ್‌ಗೆ ಲೈಕ್ ಬಟನ್ ಬಂದದ್ದು 2009ರಲ್ಲಿ. ಎಷ್ಟು ಲೈಕ್ ಬರುತ್ತದೋ, ಯಾವಾಗ ಬರುತ್ತದೋ ಗೊತ್ತಿಲ್ಲ, ಅದಕ್ಕೇ ಮತ್ತೆ ಮತ್ತೆ ತೆಗೆದು ನೋಡುತ್ತೇವೆ. ಇದರ ಜೊತೆ 2012ರ ಹಾರ್ವರ್ಡ್ ಅಧ್ಯಯನವನ್ನೂ ಸೇರಿಸಿ. ಡಯಾನಾ ಟಾಮಿರ್ ಮತ್ತು ಜೇಸನ್ ಮಿಚೆಲ್ ಅವರದು. ತಮ್ಮ ಬಗ್ಗೆ ಮಾತಾಡುವ ಅವಕಾಶ ಸಿಗುತ್ತದೆ ಅಂದರೆ ಜನ ಬರಬೇಕಾದ ದುಡ್ಡಿನಲ್ಲಿ ಸ್ವಲ್ಪ ಬಿಟ್ಟುಕೊಡಲೂ ತಯಾರಿದ್ದರು.

ಮುಚ್ಚಿಡುವವರ ಪಟ್ಟಿ

ಪಠ್ಯದಲ್ಲಿ ಇಲ್ಲದ, ನನಗೆ ಹೊಳೆದ ಒಂದು ಮಾತು. ಸ್ಟೇಟಸ್ ಯಾರಿಗೆ ಕಾಣಬಾರದು ಅಂತ ಆರಿಸುವ ಒಂದು ಆಯ್ಕೆ ಇದೆಯಲ್ಲ, ಸಂಶೋಧನೆ ಮಾಡುವುದಿದ್ದರೆ ಅಲ್ಲಿಂದಲೇ ಮಾಡಬೇಕು. ಹುಷಾರಿಲ್ಲ ಅಂತ ರಜೆ ಹಾಕಿ ಗೋಕರ್ಣಕ್ಕೆ ಹೋದವರು ಆ ಪಟ್ಟಿಗೆ ಮ್ಯಾನೇಜರ್ ಹೆಸರು ಸೇರಿಸಿರುತ್ತಾರೆ. ಅಮ್ಮಂದಿರು ಸೇರಿಸುವುದು "ಅವರ ಕಣ್ಣು ಸರಿಯಿಲ್ಲ" ಅನ್ನಿಸಿದ ನೆಂಟರನ್ನು. ಮಗು ಹುಟ್ಟುವ ಸುದ್ದಿಯನ್ನು ಮೂರು ತಿಂಗಳು ಯಾರಿಗೂ ಹೇಳದವರು, ಹುಟ್ಟಿದ ಮೇಲೂ ಮುಖದ ಮೇಲೆ ಎಮೋಜಿ ಅಂಟಿಸಿ ಫೋಟೋ ಹಾಕುತ್ತಾರೆ. ತೋರಿಸಲೂ ಬೇಕು, ದೃಷ್ಟಿಯೂ ತಾಗಬಾರದು. ಹೊಟ್ಟೆಕಿಚ್ಚು ಹುಟ್ಟುತ್ತದೆ ಅಂತ ಗೊತ್ತಿದ್ದೇ ಹಾಕುತ್ತಾರೆ ಅನ್ನುವುದಕ್ಕೆ ಆ ಎಮೋಜಿಗಿಂತ ಬೇರೆ ಸಾಕ್ಷಿ ಬೇಕೇ?

ಮುಳ್ಳಯ್ಯನಗಿರಿಯ ಕಥೆ ಅರ್ಧಕ್ಕೆ ನಿಂತಿತ್ತು. ಪಕ್ಕದ ಬೆಂಚಿನವನ ಹೆಸರು ರಾತ್ರಿ ಹನ್ನೊಂದೂವರೆಗೆ ಬಂತು. ಒಂದು ಮಾತೂ ಬರೆಯಲಿಲ್ಲ. ಮರುದಿನ ಅವನದೇ ಸ್ಟೇಟಸ್: ಹೊಸ ಬೈಕು, ನಿಂಬೆಹಣ್ಣು, ಹೂವಿನ ಹಾರ. ನಾನು ನೋಡಿದ್ದು ಅವನಿಗೆ ಗೊತ್ತಾಗಬಾರದು ಅಂತ ರೀಡ್ ರಿಸೀಟ್ ಆಫ್ ಮಾಡಿ ನೋಡಿದೆ. ಆದರೆ ಅದನ್ನು ಆಫ್ ಮಾಡಿದರೆ ನಮ್ಮ ಸ್ಟೇಟಸ್ ಯಾರು ನೋಡಿದರು ಅನ್ನುವುದೂ ನಮಗೆ ಕಾಣುವುದಿಲ್ಲ. ಎರಡು ದಿನ ತಡೆದುಕೊಂಡೆ. ಮೂರನೇ ದಿನ ಆನ್ ಮಾಡಿ, ಹಳೆಯ ಫೋಟೋಗಳಲ್ಲಿ ಚೆನ್ನಾಗಿರುವುದು ಯಾವುದಿದೆ ಅಂತ ಗ್ಯಾಲರಿ ತಡಕಾಡಿದೆ.