ಗಲ್ಲಿ ಹುಡುಗರ ಸಿನಿಮಾ: ಡೈಲಾಗ್ ಯಾಕೆ ಒಪ್ಪಿಸಿದ ಹಾಗೆ ಕೇಳುತ್ತದೆ?

ಪ್ರಶ್ನೆ: ಶಿವಮೊಗ್ಗದ ಬಸ್‌ ಸ್ಟ್ಯಾಂಡ್, ಗಾಂಧಿ ಬಜಾರ್ ಸುತ್ತ ಬೆಳೆಯುವ, ಶಾಲೆ ಬಿಟ್ಟ ಹುಡುಗರ ಬಗ್ಗೆ ಚಿತ್ರ ಮಾಡುತ್ತಿದ್ದೇವೆ. ನಟರೆಲ್ಲ 13ರಿಂದ 17 ವರ್ಷದ ಹೊಸಬರು. ಹೊರಗೆ ಚೆನ್ನಾಗಿ ಮಾತಾಡುವವರು ಕ್ಯಾಮೆರಾ ಮುಂದೆ ಪಾಠ ಒಪ್ಪಿಸುತ್ತಾರೆ. ಏನು ಮಾಡಬೇಕು?

ಉತ್ತರ: ತಪ್ಪು ಹುಡುಗರದ್ದಲ್ಲ, ಅವರ ಕೈಗೆ ಕೊಟ್ಟ ಕಾಗದದ್ದು. ಬರೆದ ಸಾಲನ್ನು ಉರು ಹೊಡೆದವನ ಗಮನವೆಲ್ಲ ಮುಂದಿನ ಸಾಲಿನ ಮೇಲಿರುತ್ತದೆ. ಎದುರಿನವನು ಏನಂದ ಎಂಬುದು ಅವನ ಕಿವಿಗೆ ಬೀಳುವುದೇ ಇಲ್ಲ.

ಸ್ಕ್ರಿಪ್ಟ್ ನಿಮ್ಮ ಬಳಿಯೇ ಇರಲಿ. ಶೂಟಿಂಗ್‌ಗೆ ಮುಂಚೆ ಕೆಲವು ವಾರ ಕಾರ್ಯಾಗಾರ ಮಾಡಿ, ಪ್ರತಿ ಹುಡುಗನನ್ನೂ ಬೇರೆಯಾಗಿ ಕರೆದು ಒಂದೇ ಒಂದು ಕೆಲಸ ಹೇಳಿ. ಒಬ್ಬನಿಗೆ, ‘ಅವನ ಹತ್ತಿರ ಇನ್ನೂರು ರೂಪಾಯಿ ಕೇಳು, ಯಾಕೆ ಅಂತ ಮಾತ್ರ ಹೇಳಬೇಡ’. ಇನ್ನೊಬ್ಬನಿಗೆ, ‘ದುಡ್ಡು ಕೊಡಬೇಡ, ಆದರೆ ಜಗಳ ಆಗಬಾರದು’. ಅವರಾಡಿದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಕೇಳಿ ಬರೆದುಕೊಂಡು, ಸಂಭಾಷಣೆಯನ್ನು ಅದರಿಂದಲೇ ಕಟ್ಟಿ. ಕನ್ನಡದ ನಡುವೆ ಮನೆಯ ಉರ್ದುವೋ ತಮಿಳೋ ನುಗ್ಗಿದರೆ ನುಗ್ಗಲಿ, ಸಬ್‌ಟೈಟಲ್ ಹಾಕಬಹುದು. ಅದನ್ನು ಬೆಂಗಳೂರು ಸಿನಿಮಾದ ಕನ್ನಡಕ್ಕೆ ತಿದ್ದಿದಿರೋ, ಮತ್ತೆ ಒಪ್ಪಿಸುವುದು ಶುರು. ಕಥೆಗೆ ಬೇಕೇಬೇಕಾದ ಒಂದೆರಡು ಮಾತನ್ನಷ್ಟೇ ಕಡ್ಡಾಯ ಮಾಡಿ.

ಹೆಗ್ಗೋಡಿನ ನೀನಾಸಮ್ ರಂಗಶಾಲೆಯಲ್ಲಿ ಕಲಿತವರು, ಶಿವಮೊಗ್ಗ ರಂಗಾಯಣದ ನಾಟಕ ತಂಡದ ನಂಟಿರುವವರು ಕಾರ್ಯಾಗಾರಕ್ಕೆ ಸಿಕ್ಕರೆ ದೊಡ್ಡ ಬಲ. ಆದರೆ ರಂಗಮಂದಿರದ ಕೊನೇ ಸಾಲಿನವರಿಗೆ ಕೇಳಿಸುವಂತೆ ದನಿ ಎತ್ತಿಸುವ ಪಾಠ ಇಲ್ಲಿ ಬೇಡ ಎಂದು ಮೊದಲೇ ಮಾತಾಡಿಕೊಳ್ಳಿ. ಇನ್ನೊಂದು, ಕಣ್ಣೀರು ಬರಿಸಲು ಹುಡುಗನ ಸ್ವಂತ ಮನೆಯ ನೋವನ್ನು ಕೆದಕಲೇಬೇಡಿ. ದೃಶ್ಯ ಮುಗಿದ ಮೇಲೂ ಆ ನೋವು ಅವನ ಜೊತೆ ಉಳಿಯುತ್ತದೆ.

ಹೀಗೆ ಆಡಿದ ಮಾತು ಎರಡನೇ ಟೇಕಿನಲ್ಲಿ ಹಾಗೇ ಬರುವುದಿಲ್ಲ, ಎಡಿಟಿಂಗ್‌ನಲ್ಲಿ ಶಾಟ್‌ಗಳು ಕೂಡುವುದಿಲ್ಲ. ಅದಕ್ಕೇ ಎರಡು ಕ್ಯಾಮೆರಾ ಒಟ್ಟಿಗೆ ಓಡಬೇಕು. ಹುಡುಗರು ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ. ಎಲ್ಲರಿಗೂ ಒಂದೊಂದು ಕಾಲರ್ ಮೈಕ್, ಪ್ರತಿಯೊಂದಕ್ಕೂ ಬೇರೆ ಟ್ರ್ಯಾಕ್, ಮೇಲೊಂದು ಬೂಮ್ (ಉದ್ದ ಕೋಲಿಗೆ ಕಟ್ಟಿದ ಮೈಕ್) ಇರಲಿ. ಡಬ್ಬಿಂಗ್‌ನಲ್ಲಿ ಸರಿಮಾಡೋಣ ಎಂದುಕೊಳ್ಳಬೇಡಿ, ತುಟಿಗೆ ಮಾತು ಕೂಡಿಸುವ ಅಭ್ಯಾಸ ಇವರಿಗಿಲ್ಲ, ಕತ್ತಲೆ ಕೋಣೆಯಲ್ಲಿ ಆ ಹುರುಪೂ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಸೂರಿನಡಿ ಮಳೆ ಸದ್ದು ಮಾತನ್ನು ನುಂಗಿಬಿಡುತ್ತದೆ. ಮಾತಿನ ದೃಶ್ಯಗಳನ್ನು ಡಿಸೆಂಬರ್–ಫೆಬ್ರವರಿಗೆ ಇಟ್ಟುಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತಿನ ನಡುವೆ ತುಂಬಲು, ಪ್ರತಿ ಜಾಗದಲ್ಲೂ ಒಂದು ನಿಮಿಷ ಬರೀ ಅಲ್ಲಿನ ಸದ್ದನ್ನೇ ಹಿಡಿದಿಡಿ.

ಬೀಡಿ, ಎಣ್ಣೆಯ ದೃಶ್ಯಗಳಲ್ಲಿ ರಾಜಿ ಬೇಡ. 18 ತುಂಬದವರಿಗೆ ತಂಬಾಕು, ಮದ್ಯ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಕಠಿಣ ಶಿಕ್ಷೆಯಾಗಬಹುದಾದ ಅಪರಾಧ. ಹುಡುಗನ ಮುಖ, ಬೇರೆ ಶಾಟ್‌ನಲ್ಲಿ ದೊಡ್ಡವರ ಕೈ, ಹೊಗೆ ಇಷ್ಟೇ ಸಾಕು. ಹೊಡೆದಾಟಕ್ಕೆ ರಬ್ಬರ್ ಚಾಕು, ಪಕ್ಕದಲ್ಲೇ ಸ್ಟಂಟ್ ಮಾಸ್ಟರ್.

14 ತುಂಬದ ಹುಡುಗರಿದ್ದರೆ ಬಾಲಕಾರ್ಮಿಕ ನಿಯಮಗಳಂತೆ ಜಿಲ್ಲಾಧಿಕಾರಿಯ ಅನುಮತಿ ಮೊದಲು ಬೇಕು. ಫಾರಂ ‘ಸಿ’ಯಲ್ಲಿ ಮುಚ್ಚಳಿಕೆ, ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ ಕೊಡಬೇಕು. ದಿನಕ್ಕೆ 5 ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬ ಜವಾಬ್ದಾರ ವ್ಯಕ್ತಿ ಇರಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಬೇಕು. 14–17ರವರಿಗೂ ಇದೇ ಲೆಕ್ಕ ಪಾಲಿಸಿ, ಅವರಿಗೂ ದಣಿವಾಗುತ್ತದೆ, ದುಡ್ಡು ಬೇಕಾಗುತ್ತದೆ.

ಎಡಿಟಿಂಗ್ ಅರ್ಧಕ್ಕೆ ಬಂದಾಗ ಚಿತ್ರವನ್ನು ಮೊದಲು ಈ ಹುಡುಗರಿಗೇ ತೋರಿಸಿ, ಹೊರಗಿನವರು ಯಾರೂ ಬೇಡ. ‘ಇದನ್ನು ನಮ್ಮ ಏರಿಯಾದವರು ನೋಡಿದರೆ ಅಮ್ಮನಿಗೆ ಕಷ್ಟ’ ಎಂದು ಯಾರಾದರೂ ಹೇಳಿದರೆ, ಶಾಟ್ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ.